ಕೊಬ್ಬರಿ ಇದೆ, ಕೊಬ್ಬರಿ ಇಲ್ಲ

ನಮ್ಮ ಮನೆಯ ತುಪ್ಪಕ್ಕೆ ಕೊಬ್ಬರಿ ಎಣ್ಣೆ ಬೆರೆಸಿದ್ದಾರೆ ಎಂದು ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಹೇಳಿತು. ಕಾರ್ಕಳದ ಹತ್ತಿರದ ನಮ್ಮ ಹಟ್ಟಿಯಲ್ಲಿ ಇರುವುದೇ ಒಂದು ಹಸು. ಅದರದೇ ಹಾಲು, ಅಮ್ಮನೇ ಹೆಪ್ಪು ಹಾಕಿ, ಅಮ್ಮನೇ ಕಡೆದು, ಅಮ್ಮನೇ ಕಾಯಿಸಿದ ತುಪ್ಪ. ಬೆಂಗಳೂರಿನ ಬಸ್ಸು ಹತ್ತುವಾಗ ಹಳೆಯ ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿ, ಬಾಯಿಗೆ ಪ್ಲಾಸ್ಟಿಕ್ ಕಟ್ಟಿ ಕೊಟ್ಟಿದ್ದಳು. ನನ್ನ ಕೆಲಸ ಕೊಬ್ಬು ಮತ್ತು ಎಣ್ಣೆಗಳ ಪರೀಕ್ಷೆ. ಪ್ರಯೋಗಾಲಯಕ್ಕೆ ಹೊಸ ಕಾಲಂ, ಅಂದರೆ ಬೇರ್ಪಡಿಸುವ ಕೊಳವೆ, ಬಂದಿತ್ತು. ಅನುಮಾನಕ್ಕೆ ಎಡೆಯಿಲ್ಲದ ಒಂದು ತುಪ್ಪ ಬೇಕಿತ್ತು. ಡಬ್ಬಿಯೊಳಗಿನ ಊಟದ ಜೊತೆಗೆ ಅದೂ ಬ್ಯಾಗಿನಲ್ಲಿತ್ತು.

ಹಾಲಿನ ಕೊಬ್ಬಿನ ಶುದ್ಧಿಯನ್ನು ನೋಡಲು ಐಎಸ್‌ಒ 17678 ಎಂಬ ಅಂತರರಾಷ್ಟ್ರೀಯ ವಿಧಾನವಿದೆ. ತುಪ್ಪದ ಟ್ರೈಗ್ಲಿಸರೈಡ್‌ಗಳನ್ನು ಅವುಗಳ ಇಂಗಾಲದ ಸಂಖ್ಯೆಯ ಪ್ರಕಾರ, 24ರಿಂದ 54ರವರೆಗೆ, ಬೇರ್ಪಡಿಸಿ, ಬಂದ ಪ್ರಮಾಣಗಳನ್ನು ಐದು ಸಮೀಕರಣಗಳಿಗೆ ಹಾಕಬೇಕು. ಶುದ್ಧ ಹಾಲಿನ ಕೊಬ್ಬಾದರೆ ಐದೂ ಉತ್ತರಗಳು 100ರ ಆಸುಪಾಸಿನಲ್ಲಿರಬೇಕು. ಎಷ್ಟು ಆಸುಪಾಸು ಎನ್ನುವುದು ಸಮೀಕರಣದಿಂದ ಸಮೀಕರಣಕ್ಕೆ ಬೇರೆ. ತೆಂಗು ಮತ್ತು ತಾಳೆಬೀಜದ ಎಣ್ಣೆಗಳನ್ನು ಹಿಡಿಯುವ ಎರಡನೆಯ ಸಮೀಕರಣ ಮಹಾ ಕಟ್ಟುನಿಟ್ಟು: 99.42ರಿಂದ 100.58. ಇಷ್ಟೇ ಸಂದು. ನಮ್ಮ ಮನೆಯ ತುಪ್ಪ ಆ ಸಂದಿಯಲ್ಲಿ ನುಸುಳಲಿಲ್ಲ.

ಅಮ್ಮನಿಗೆ ಫೋನ್ ಮಾಡಿ ವಿಷಯ ಹೇಳಿದೆ. ಆ ಕಡೆಯಿಂದ ಮೊದಲು ನಗು ಕೇಳಿಸಿತು.

"ಬೆರೆಸಿದ್ದು ನಾನಲ್ಲ ಮಾರಾಯ್ತಿ, ಹಸು."

ಬೂಸಾದ ಬೆಲೆ ಏರಿದ ಮೇಲೆ ಅಮ್ಮ ಪೇಟೆಯ ಎಣ್ಣೆ ಮಿಲ್ಲಿನಿಂದ ತೆಂಗಿನ ಹಿಂಡಿ ತರಿಸಿ, ಅಕ್ಕಚ್ಚಿನಲ್ಲಿ ನೆನೆಸಿ, ದಿನಾ ಕೊಡುತ್ತಿದ್ದಳು. ಗಾಣದ ಹಿಂಡಿಯಲ್ಲಿ ಎಣ್ಣೆ ಸಾಕಷ್ಟು ಉಳಿದಿರುತ್ತದೆ. ಕೊಬ್ಬರಿ ಎಣ್ಣೆಯ ಹೆಚ್ಚೂಕಡಿಮೆ ಅರ್ಧ ಭಾಗ ಲಾರಿಕ್ ಆಮ್ಲ. ಹಸು ತಿಂದ ಆ ಆಮ್ಲದ ಒಂದು ಪಾಲು ಹಾಲಿನ ಕೊಬ್ಬಿಗೇ ಹೋಗಿ ಸೇರುತ್ತದೆ. ಯಂತ್ರ ಸುಳ್ಳು ಹೇಳಿರಲಿಲ್ಲ. ತೆಂಗು ಅಲ್ಲಿ ಇತ್ತು. ಹಸುವಿನ ಹೊಟ್ಟೆಯನ್ನು ಹಾದು ಬಂದಿತ್ತು, ಅಷ್ಟೆ.

ಮರುದಿನ ಅದೇ ತುಪ್ಪದ ಇನ್ನೊಂದು ಪಾಲನ್ನು ಸಾಬೂನು ಮಾಡಿ, ಸಾಬೂನಾಗದೆ ಉಳಿದ ಅಂಶವನ್ನು ತೆಗೆದು, ಸ್ಟೆರಾಲ್‌ಗಳನ್ನು ನೋಡಿದೆ. ಪ್ರಾಣಿಯ ಕೊಬ್ಬಿನಲ್ಲಿ ಇರುವುದು ಕೊಲೆಸ್ಟೆರಾಲ್. ಗಿಡದ ಎಣ್ಣೆಯಲ್ಲಿ ಇರುವುದು ಮುಖ್ಯವಾಗಿ ಬೀಟಾ ಸಿಟೊಸ್ಟೆರಾಲ್. ಹಸು ಗಿಡದ ಕೊಬ್ಬಿನಾಮ್ಲಗಳನ್ನು ಹಾಲಿಗೆ ಬಿಡುತ್ತದೆ, ಗಿಡದ ಸ್ಟೆರಾಲನ್ನು ಮಾತ್ರ, ಎಲ್ಲೋ ಒಂದು ಕುರುಹಿನಷ್ಟು ಬಿಟ್ಟರೆ, ಬಾಗಿಲಲ್ಲೇ ತಡೆಯುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಸಿಟೊಸ್ಟೆರಾಲ್ ಬೇರೆ ಎಣ್ಣೆಗಳಿಗಿಂತ ಕಡಿಮೆ, ಆದರೂ ಬೆರಕೆ ಮಾಡಿದ್ದರೆ ಕಾಣುವಷ್ಟು ಇರುತ್ತದೆ. ನಮ್ಮ ತುಪ್ಪದಲ್ಲಿ ಕೊಲೆಸ್ಟೆರಾಲಿನ ಎತ್ತರದ ಗೋಪುರ. ಸಿಟೊಸ್ಟೆರಾಲ್ ಬರಬೇಕಾದ ನಿಮಿಷದಲ್ಲಿ ಗೆರೆ ನೆಲಕ್ಕೆ ಅಂಟಿಕೊಂಡೇ ಇತ್ತು. ಅಂದರೆ ಕೊಬ್ಬರಿ ಇಲ್ಲ.

ಇದೆ ಎಂದ ವಿಧಾನವೂ ಪ್ರಾಮಾಣಿಕ, ಇಲ್ಲ ಎಂದ ವಿಧಾನವೂ ಪ್ರಾಮಾಣಿಕ. ಜೈನರ ಮನೆಯಲ್ಲಿ ಹುಟ್ಟಿ, ವಸ್ತುವಿಗೆ ಮುಖಗಳು ಅನೇಕ ಎನ್ನುವ ಸ್ಯಾದ್ವಾದ, ಅನೇಕಾಂತ ಎಂಬ ಮಾತುಗಳನ್ನು ಪರ್ಯೂಷಣದ ಪ್ರವಚನಗಳಲ್ಲಿ ತೂಕಡಿಸುತ್ತ ಕೇಳಿ ಬೆಳೆದವಳಿಗೆ ಆ ಎರಡು ಕಾಗದಗಳು ಒಂದೇ ಮೇಜಿನ ಮೇಲೆ ಬಿದ್ದಾಗ ನಿದ್ದೆ ಬಿಟ್ಟಿತು.

ಯಾವ ವಿಧಾನ ಏನನ್ನು ನೋಡುತ್ತದೆ ಎನ್ನುವುದಕ್ಕಿಂತ ಏನನ್ನು ನೋಡಲಾರದು ಎನ್ನುವುದರಲ್ಲಿ ನನಗೆ ಯಾವಾಗಲೂ ಹೆಚ್ಚು ಆಸಕ್ತಿ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು ಕೊಬ್ಬಿನಾಮ್ಲಗಳ ಗ್ಯಾಸ್ ಕ್ರೊಮ್ಯಾಟೊಗ್ರಫಿ. ಈ ಶಾಖೆ ಹುಟ್ಟಿದ್ದೇ ಕೊಬ್ಬಿನಿಂದ: 1952ರಲ್ಲಿ ಜೇಮ್ಸ್ ಮತ್ತು ಮಾರ್ಟಿನ್ ಪ್ರಕಟಿಸಿದ ಮೊದಲ ಪ್ರಬಂಧದಲ್ಲಿ ಅವರು ಬೇರ್ಪಡಿಸಿ ತೋರಿಸಿದ್ದು ಆವಿಯಾಗುವ ಕೊಬ್ಬಿನಾಮ್ಲಗಳನ್ನು. ತೊಂದರೆ ಏನೆಂದರೆ ತುಪ್ಪ ಇದ್ದ ಹಾಗೇ ಸುಲಭವಾಗಿ ಆವಿಯಾಗುವುದಿಲ್ಲ. ಒಂದೊಂದು ಟ್ರೈಗ್ಲಿಸರೈಡಿನಲ್ಲೂ ಒಂದು ಗ್ಲಿಸರಾಲ್, ಅದರ ಮೂರು ಕೈಗಳಲ್ಲಿ ಮೂರು ಕೊಬ್ಬಿನಾಮ್ಲ. ಕ್ಷಾರ ಬೆರೆತ ಮೆಥನಾಲ್ ಹಾಕಿ ಕುಲುಕಿದರೆ ಮೂರೂ ಕೈ ಕಳಚಿಕೊಂಡು ಮೀಥೈಲ್ ಎಸ್ಟರುಗಳಾಗುತ್ತವೆ. ತುಪ್ಪವಾದರೆ ಆ ಗಳಿಗೆಯಲ್ಲಿ ಸೀಸೆಯಿಂದ ಅನಾನಸಿನ ವಾಸನೆ ಏಳುತ್ತದೆ. ಬೆಣ್ಣೆಗೇ ವಿಶಿಷ್ಟವಾದ ಬ್ಯೂಟಿರಿಕ್ ಆಮ್ಲ ಮೀಥೈಲ್ ಬ್ಯೂಟಿರೇಟ್ ಆಗಿರುವುದರ ಗುರುತು ಅದು. ತರಬೇತಿಗೆ ಬರುವ ಹುಡುಗಿಯರು ಮೂಗು ಅರಳಿಸಿ, ಮೇಡಂ, ಯಾರೋ ಜ್ಯೂಸ್ ತಂದಿದ್ದಾರೆ ಎನ್ನುತ್ತಾರೆ. ಮುಚ್ಚಳ ಹಾಕಿ ಎಂದು ನಾನು ಕೂಗುತ್ತೇನೆ. ಆ ಘಮ ಮೂಗಿಗೆ ಬಂತೆಂದರೆ ಅಷ್ಟು ಬ್ಯೂಟಿರಿಕ್ ಲೆಕ್ಕದಿಂದ ಹೋಯಿತು. ಉಳಿದದ್ದು ಕಾಲಂ ಹಾದು, ತುದಿಯಲ್ಲಿ ಉರಿಯುವ ಹೈಡ್ರೋಜನ್ ಜ್ವಾಲೆಗೆ ಬಿದ್ದು ಸುಟ್ಟುಹೋಗುತ್ತದೆ. ಸುಡುವಾಗ ಹುಟ್ಟುವ ಸಣ್ಣ ವಿದ್ಯುತ್ತೇ ನಮಗೆ ಕಾಣುವ ಗೋಪುರ. ಜೊತೆಯಲ್ಲಿ ಕೆಲಸ ಮಾಡುವ ವೈದಿಕರ ಮನೆಯ ಗೆಳತಿ ಇದಕ್ಕೆ ಆಹುತಿ ಎಂದೇ ಹೆಸರಿಟ್ಟಿದ್ದಾಳೆ.

ಈ ವಿಧಾನ ಒಂದೊಂದು ಆಮ್ಲ ಎಷ್ಟಿದೆ ಎಂದು ಚೆನ್ನಾಗಿ ಹೇಳುತ್ತದೆ. ಯಾವ ಮೂರು ಒಂದೇ ಗ್ಲಿಸರಾಲಿನ ಮೇಲೆ ಕೂತಿದ್ದವು ಎಂಬುದನ್ನು ಹೇಳಲಾರದು. ಕಳಚಿದ ಕೂಡಲೇ ಆ ಸಂಬಂಧ ಅಳಿಸಿಹೋಯಿತು. ಅದು ಸಣ್ಣ ನಷ್ಟವಲ್ಲ. ಹಂದಿಯ ಕೊಬ್ಬಿನಲ್ಲಿ ಪಾಮಿಟಿಕ್ ಆಮ್ಲ ಹೆಚ್ಚಾಗಿ ಗ್ಲಿಸರಾಲಿನ ನಡುಗೈಯಲ್ಲಿ ಕೂತಿರುತ್ತದೆ. ತಾಳೆ ಎಣ್ಣೆಯಲ್ಲಿ ಅದು ಅಂಚಿನ ಕೈಗಳಲ್ಲಿ, ನಡುವೆ ಒಲೀಕ್. ಹೆಸರುಗಳ ಪಟ್ಟಿ ಒಂದೇ ತರಹ ಕಂಡರೂ ಕೂತ ಜಾಗ ಬೇರೆ. ತಿನ್ನುವವನ ಧರ್ಮಕ್ಕೆ ಮುಖ್ಯವಾದ ವ್ಯತ್ಯಾಸವೇ ಪರೀಕ್ಷೆಯ ಮೊದಲ ಹೆಜ್ಜೆಯಲ್ಲಿ ಮಾಯ.

ಹಾಗಾದರೆ ಕಳಚದೆ ನೋಡೋಣವೆಂದರೆ ಮೊದಲು ಹೇಳಿದ ಟ್ರೈಗ್ಲಿಸರೈಡ್ ವಿಧಾನವಿದೆ. ಒಲೆಯನ್ನು 350 ಡಿಗ್ರಿಯವರೆಗೆ ಕಾಯಿಸಿ ಇಡೀ ಅಣುವನ್ನೇ ಓಡಿಸುವುದು. ಅದು ಎಣಿಸುವುದು ಇಂಗಾಲವನ್ನು. ಮೂರು ಸ್ಟಿಯರಿಕ್ ಇದ್ದರೂ 54, ಮೂರು ಒಲೀಕ್ ಇದ್ದರೂ 54. ಒಂದು ಕೋಣೆಯ ಉಷ್ಣತೆಯಲ್ಲಿ ಕಲ್ಲಿನಂತೆ ಗಟ್ಟಿ, ಇನ್ನೊಂದು ನೀರಾಗಿ ಹರಿಯುವ ಎಣ್ಣೆ. ಈ ವಿಧಾನಕ್ಕೆ ಎರಡೂ ಒಂದೇ.

ಆ ಎರಡನ್ನು ಬೇರ್ಪಡಿಸಬೇಕಾದರೆ ರಿವರ್ಸ್ ಫೇಸ್ ಎಚ್‌ಪಿಎಲ್‌ಸಿಗೆ ಹೋಗಬೇಕು. ಅಲ್ಲಿ ದ್ರವ ಓಡುತ್ತದೆ, ಕಾಯಿಸುವ ಗೋಜಿಲ್ಲ. ಅಲ್ಲಿನ ಲೆಕ್ಕ: ಇಂಗಾಲದ ಸಂಖ್ಯೆಯಿಂದ ಒಂದೊಂದು ದ್ವಿಬಂಧಕ್ಕೂ ಎರಡು ಕಳೆಯಬೇಕು. ಮೂರು ಒಲೀಕ್ ಎಂದರೆ 54, ದ್ವಿಬಂಧ ಮೂರು, ಕಳೆದರೆ 48. ಮೂರು ಪಾಮಿಟಿಕ್ ಎಂದರೆ ದ್ವಿಬಂಧವಿಲ್ಲದ 48. ಎರಡೂ ಹೆಗಲಿಗೆ ಹೆಗಲು ಕೊಟ್ಟು ಬರುತ್ತವೆ. ಒಳ್ಳೆಯ ಕಾಲಂ, ತಾಳ್ಮೆ ಎರಡೂ ಇದ್ದರೆ ಒಂದಿಷ್ಟು ಬಿಡಿಸಬಹುದು, ಆದರೆ ಆ ವಿಧಾನದ ಸ್ವಭಾವ ಅದು. ಗ್ಯಾಸಿಗೆ ಬೇರೆಯಾಗಿ ಕಂಡ ಪಾಮಿಟಿಕ್ ತ್ರಯವೂ ಒಲೀಕ್ ತ್ರಯವೂ ದ್ರವಕ್ಕೆ ಒಂದಾದವು. ಗ್ಯಾಸಿಗೆ ಒಂದಾಗಿದ್ದ ಸ್ಟಿಯರಿಕ್ ತ್ರಯ ದ್ರವದಲ್ಲಿ ದೂರ ಹೋಯಿತು.

ಬೆಳ್ಳಿಯ ವಿಧಾನವೊಂದಿದೆ; ಸಿಲಿಕಾಗೆ ಬೆಳ್ಳಿಯ ನೈಟ್ರೇಟ್ ಹಚ್ಚಿದರೆ ಅದು ದ್ವಿಬಂಧಗಳನ್ನು ಮಾತ್ರ ಹಿಡಿದು ನಿಲ್ಲಿಸಿಕೊಳ್ಳುತ್ತದೆ, ಇಂಗಾಲ ಎಷ್ಟಿದ್ದರೂ ಅದಕ್ಕೆ ಹೆಚ್ಚಿನ ಗಣನೆಯಿಲ್ಲ. ವನಸ್ಪತಿಯ ಟ್ರಾನ್ಸ್ ಕೊಬ್ಬನ್ನು ಸಿಸ್‌ನಿಂದ ಬಿಡಿಸಲು ಇದರಷ್ಟು ಚೆಂದದ ದಾರಿಯಿಲ್ಲ. ಕೈಗವಸು ಮರೆತರೆ ಬೆರಳುಗಳು ಕಪ್ಪಾಗಿ ವಾರಗಟ್ಟಲೆ ಹಾಗೇ ಇರುತ್ತವೆ, ಮದುವೆ ಮನೆಗೆ ಹೋದರೆ ವಿಚಾರಣೆ ಖಂಡಿತ. ಇನ್ನು ಗಾಜಿನ ತಟ್ಟೆಯ ಮೇಲಿನ ತೆಳುಪದರದ ಕ್ರೊಮ್ಯಾಟೊಗ್ರಫಿ ಬಡವರ ವಿಧಾನ. ಹೆಕ್ಸೇನ್, ಈಥರ್, ಒಂದು ಹನಿ ಅಸಿಟಿಕ್ ಆಮ್ಲ. ಅಯೊಡಿನ್ ಹೊಗೆಯಲ್ಲಿಟ್ಟರೆ ಕಂದು ಚುಕ್ಕೆಗಳು. ಅದಕ್ಕೆ ಜಾತಿ ಗೊತ್ತು, ವ್ಯಕ್ತಿ ಗೊತ್ತಿಲ್ಲ: ಟ್ರೈಗ್ಲಿಸರೈಡ್‌ಗಳೆಲ್ಲ ಒಂದು ಚುಕ್ಕೆ, ಸ್ಟೆರಾಲ್‌ಗಳೆಲ್ಲ ಅದರ ಕೆಳಗೆ ಇನ್ನೊಂದು, ಫಾಸ್ಫೊಲಿಪಿಡ್‌ಗಳು ಇಟ್ಟ ಜಾಗದಿಂದ ಕದಲುವುದೇ ಇಲ್ಲ.

ಜೈನ ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯದಲ್ಲೇ ವಸ್ತುವಿನ ಅರಿವಿಗೆ ಎರಡು ದಾರಿ ಹೇಳಿದೆ: ಪ್ರಮಾಣ ಮತ್ತು ನಯ. ವಸ್ತುವನ್ನು ಸಮಗ್ರವಾಗಿ ಹಿಡಿಯುವುದು ಪ್ರಮಾಣ. ಅದರ ಒಂದು ಮುಖವನ್ನು ಹಿಡಿಯುವುದು ನಯ. ನಯ ಸುಳ್ಳಲ್ಲ. ತಾನು ಹಿಡಿದ ಮುಖದ ಮಟ್ಟಿಗೆ ಅದು ನಿಜವೇ. ಉಳಿದ ಮುಖಗಳು ಇಲ್ಲವೇ ಇಲ್ಲ ಎಂದು ಹಟ ಹಿಡಿದಾಗ ಮಾತ್ರ ಅದು ದುರ್ನಯವಾಗುತ್ತದೆ. ನನ್ನ ಪ್ರಯೋಗಾಲಯದ ಒಂದೊಂದು ಯಂತ್ರವೂ ಒಂದೊಂದು ನಯ ಎನ್ನುವುದರಲ್ಲಿ ನನಗೆ ಸಂಶಯವಿಲ್ಲ. ಇಂಗಾಲದ ನಯ, ದ್ವಿಬಂಧದ ನಯ, ಜಾತಿಯ ನಯ.

ಇಲ್ಲಿಗೆ ನಿಲ್ಲಿಸಿದರೆ ಪ್ರವಚನಕ್ಕೆ ಸಾಕು, ಕೆಲಸಕ್ಕೆ ಸಾಲದು. ಅನೇಕಾಂತವೆಂದರೆ ಎಲ್ಲರೂ ಅವರವರ ಮಟ್ಟಿಗೆ ಸರಿ ಎಂದು ಕೈತೊಳೆದುಕೊಳ್ಳುವ ಸಭ್ಯತೆ ಎಂಬಂತೆ ವೇದಿಕೆಗಳಲ್ಲಿ ಮಾತಾಡುವುದನ್ನು ಕೇಳಿ ನನಗೆ ರೇಗುತ್ತದೆ. ಕಲಬೆರಕೆ ಮಾಡಿದವನ ವಕೀಲನಿಗೂ ಅದೇ ಬೇಕು. ಹಸು ಏನು ತಿಂದಿತ್ತೋ ಯಾರಿಗೆ ಗೊತ್ತು ಸ್ವಾಮಿ, ಎಲ್ಲಕ್ಕೂ ಎರಡು ಮುಖ ಇದೆಯಲ್ಲ!

ಜೈನ ತಾರ್ಕಿಕರು ಅಷ್ಟು ಸಡಿಲ ಬಿಟ್ಟವರಲ್ಲ. ಒಂದು ಮಡಕೆ ಇದೆ ಎನ್ನಬೇಕಾದರೂ ನಾಲ್ಕು ವಿಷಯ ಹೇಳು ಎಂದು ಅವರು ಕೇಳುತ್ತಿದ್ದರು: ಯಾವ ದ್ರವ್ಯ, ಯಾವ ಕ್ಷೇತ್ರ, ಯಾವ ಕಾಲ, ಯಾವ ಭಾವ. ತನ್ನ ಮಣ್ಣು, ತನ್ನ ಜಾಗ, ತನ್ನ ಹೊತ್ತು, ತನ್ನ ರೂಪದ ಲೆಕ್ಕದಲ್ಲಿ ಮಡಕೆ ಇದೆ. ಬೇರೆಯದರ ದ್ರವ್ಯ, ಕ್ಷೇತ್ರ, ಕಾಲ, ಭಾವದ ಲೆಕ್ಕದಲ್ಲಿ ಇಲ್ಲ. ಓದುವಾಗ ಇದು ನನಗೆ ಪಂಡಿತರ ಚಮತ್ಕಾರವಾಗಿ ಕಂಡಿತ್ತು. ಐಎಸ್‌ಒ 17678ರ ವ್ಯಾಪ್ತಿ ಹೇಳುವ ಭಾಗವನ್ನು ಓದಿದ ಮೇಲೆ ಹಾಗೆ ಕಾಣುವುದಿಲ್ಲ. ದ್ರವ್ಯ: ಈ ವಿಧಾನ ಆಕಳ ಹಾಲಿಗೆ, ಎಮ್ಮೆಯದಕ್ಕೆ ಅನ್ವಯಿಸದು. ನಮ್ಮ ದೇಶದ ಬಹುಪಾಲು ತುಪ್ಪದಲ್ಲಿ ಎರಡೂ ಕೂಡಿರುತ್ತವೆ ಎಂಬುದನ್ನು ನೆನಪಿಡಿ. ಕ್ಷೇತ್ರ: ಈ ಸಮೀಕರಣಗಳ ಹಿಂದೆ ಇರುವುದು ಜರ್ಮನಿಯ ಕೀಲ್ ನಗರದಲ್ಲಿ ಪ್ರೆಖ್ಟ್ ಎಂಬ ವಿಜ್ಞಾನಿ 1990ರ ದಶಕದ ಆರಂಭದಲ್ಲಿ ಪ್ರಕಟಿಸಿದ ಕೆಲಸ; ಅಲ್ಲಿಯ ದನದ ಮೇವು ನಮ್ಮ ಹಟ್ಟಿಯ ಮೇವಲ್ಲ. ನಮ್ಮಲ್ಲೇ ಹತ್ತಿ ಬೆಳೆಯುವ ಸೀಮೆಗಳಲ್ಲಿ ಹತ್ತಿಕಾಳು ತಿಂದ ದನಗಳ ತುಪ್ಪಕ್ಕೆ ಕಾನೂನೇ ಬೇರೆ ಅಂಕಿ ಕೊಟ್ಟಿತ್ತು. ಕಾಲ: ಈಗತಾನೆ ಕರು ಹಾಕಿದ ಹಸುವಿನ ಗಿಣ್ಣುಹಾಲು ಈ ಲೆಕ್ಕಕ್ಕೆ ಸಿಗುವುದಿಲ್ಲ. ಭಾವ: ಕೊಬ್ಬಿನ ಸಹಜ ರೂಪವನ್ನು ಬದಲಿಸಿದ್ದರೆ, ಹಸು ಅರೆಹೊಟ್ಟೆಯಲ್ಲಿದ್ದರೆ, ಎಣ್ಣೆ ಜಾಸ್ತಿ ತಿಂದಿದ್ದರೆ, ಉತ್ತರ ದಾರಿ ತಪ್ಪಬಹುದು. ಎಲ್ಲಕ್ಕಿಂತ ದೊಡ್ಡ ಷರತ್ತು, ಇದು ಹಲವು ಹಸುಗಳ ಕೂಡುಹಾಲಿಗೆ ಹೇಳಿದ್ದು, ಹಟ್ಟಿಯ ಒಂಟಿ ಹಸುವಿಗಲ್ಲ.

ಈ ಷರತ್ತುಗಳು ಅಪರಾಧಿಗೆ ರಕ್ಷಣೆಯಲ್ಲ ಎಂಬುದನ್ನು ಗಮನಿಸಬೇಕು. ಟ್ಯಾಂಕರಿನಲ್ಲಿ ಬಂದ ತುಪ್ಪದ ಹಿಂದೆ ಸಾವಿರಾರು ಹಸುಗಳಿರುತ್ತವೆ. ಅಷ್ಟೂ ಹಸುಗಳು ಒಂದೇ ವಾರದಲ್ಲಿ ತೆಂಗಿನ ಹಿಂಡಿಗೆ ಮುಗಿಬಿದ್ದವು ಎನ್ನುವುದನ್ನು ಯಾರೂ ನಂಬಬೇಕಾಗಿಲ್ಲ. ಅಮ್ಮನನ್ನು ಬಿಡುಗಡೆ ಮಾಡುವ ಷರತ್ತೇ ಟ್ಯಾಂಕರಿನವನನ್ನು ಕಟ್ಟಿಹಾಕುತ್ತದೆ.

2024ರ ಸೆಪ್ಟೆಂಬರಿನಲ್ಲಿ ತಿರುಪತಿಯ ಲಡ್ಡಿನ ತುಪ್ಪದಲ್ಲಿ ಬೆರಕೆಯಿದೆ ಎಂಬ ಸುದ್ದಿ ಎದ್ದಾಗ ನಮ್ಮ ನೆಂಟರಿಷ್ಟರೆಲ್ಲ ನನಗೇ ಫೋನ್ ಮಾಡಿದರು. ಆನಂದ್‌ನಲ್ಲಿರುವ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯ ಪ್ರಯೋಗಾಲಯದ ವರದಿ ಟಿವಿಯ ಪರದೆಯ ಮೇಲೆಲ್ಲ ಹರಿದಾಡುತ್ತಿತ್ತು. ಅದೂ ಇದೇ ವಿಧಾನ, ಇದೇ ಐದು ಸಮೀಕರಣ. ಮೂರನೆಯ ಸಮೀಕರಣ ತಾಳೆ ಎಣ್ಣೆ ಮತ್ತು ದನದ ಕೊಬ್ಬು, ಎರಡಕ್ಕೂ ಸೇರಿ ಒಂದೇ. ಮಿತಿ 95.90ರಿಂದ 104.10. ಉತ್ತರ ಅದರಾಚೆ ಹೋದರೆ ಇವೆರಡರಲ್ಲಿ ಒಂದು ಇರಬಹುದು ಎಂದಷ್ಟೇ ಆ ಸಮೀಕರಣ ಹೇಳಬಲ್ಲದು. ಯಾವುದು ಎಂದು ಕೇಳಿದರೆ ಅದಕ್ಕೆ ಬಾಯಿಲ್ಲ. ಇಂಗಾಲದ ಲೆಕ್ಕದಲ್ಲಿ ಅವೆರಡೂ ಅಷ್ಟು ಹತ್ತಿರ. ಒಂದು ಅಂಗಡಿಯಲ್ಲಿ ಸಿಗುವ ಅಗ್ಗದ ಎಣ್ಣೆ. ಇನ್ನೊಂದು, ಕೋಟ್ಯಂತರ ಭಕ್ತರ ಪಾಲಿಗೆ ನೆನೆಸಿಕೊಳ್ಳಲೂ ಆಗದ ವಸ್ತು. ಭಕ್ತನಿಗೆ ಎಲ್ಲಿ ಪಾತಾಳದಷ್ಟು ಅಂತರವಿದೆಯೋ ಅಲ್ಲಿ ಯಂತ್ರಕ್ಕೆ ಗೆರೆಯೇ ಇಲ್ಲ.

ಆ ವರದಿಗೆ ಒಂದು ಲಗತ್ತಿತ್ತು. ಯಾವ ಯಾವ ಸಂದರ್ಭಗಳಲ್ಲಿ ಈ ಫಲಿತಾಂಶ ತಪ್ಪಾಗಿ ಬರಬಹುದು ಎಂದು ಅದರಲ್ಲಿ ಹೇಳಿತ್ತು, ಮೇವಿನ ವಿಷಯವೂ ಇತ್ತು. ಬರೆದ ವಿಜ್ಞಾನಿಗಳು ತಮ್ಮ ನಯದ ಗಡಿಯನ್ನು ತಾವೇ ಹಾಕಿಕೊಟ್ಟಿದ್ದರು. ಸುದ್ದಿಯಾಗಿ ಹೊರಬಿದ್ದಾಗ ಗಡಿ ಬಿಟ್ಟುಹೋಯಿತು, "ಅಥವಾ" ಎಂಬ ಪದ ಬಿಟ್ಟುಹೋಯಿತು, ತಾಳೆ ಬಿಟ್ಟುಹೋಯಿತು. ಉಳಿದದ್ದು ದನದ ಕೊಬ್ಬು. ದುರ್ನಯ ಎಂಬುದಕ್ಕೆ ನಮ್ಮ ಕಾಲದಲ್ಲಿ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಕಾಣದು. ಆ ವರ್ಷದ ಅಕ್ಟೋಬರ್ 4ರಂದು ಸುಪ್ರೀಂ ಕೋರ್ಟ್ ವಿಶೇಷ ತನಿಖಾ ತಂಡವನ್ನು ರಚಿಸಿತು. ಯಾರು ತಪ್ಪಿತಸ್ಥರು ಎನ್ನುವುದು ತನಿಖೆಗೆ, ನ್ಯಾಯಾಲಯಕ್ಕೆ ಬಿಟ್ಟದ್ದು. ನನಗೆ ಬೇಕಾದದ್ದು ಅದರ ಹಿಂದಿನ ಪ್ರಶ್ನೆ: ಅಂಥ ಕಾಗದ ನನ್ನ ಮೇಜಿಗೆ ಬಂದರೆ ಮುಂದಿನ ಹೆಜ್ಜೆ ಯಾವುದು?

ನನ್ನ ಉತ್ತರ: ಅದೇ ಕಡೆ ನೋಡುವ ಇನ್ನೊಂದು ಕಣ್ಣು ಬೇಡ, ಬೇರೆ ಕಡೆ ಕುರುಡಾಗಿರುವ ಕಣ್ಣು ಬೇಕು. ಆಮ್ಲಗಳ ಪಟ್ಟಿ, ಟ್ರೈಗ್ಲಿಸರೈಡ್ ಸಮೀಕರಣ ಎರಡೂ ಒಂದೇ ಮಾತು ಹೇಳಿದರೆ ನಮ್ಮವರು ಸಾಕ್ಷಿ ಎರಡಾಯಿತು ಎಂದು ಹಿಗ್ಗುತ್ತಾರೆ. ಎರಡಾಗಲಿಲ್ಲ. ಹಸುವಿನ ಮೇವು ಎರಡನ್ನೂ ಒಂದೇ ದಿಕ್ಕಿಗೆ ಎಳೆಯುತ್ತದೆ. ಒಂದು ಮೋಸಹೋದ ಕಡೆ ಇನ್ನೊಂದೂ ಮೋಸಹೋಗುತ್ತದೆ. ಸ್ಟೆರಾಲಿನ ದಾರಿಯೇ ಬೇರೆ. ಸಿಟೊಸ್ಟೆರಾಲ್ ಕುರುಹಿಗಿಂತ ಹೆಚ್ಚು ಕಂಡರೆ ಗಿಡದ ಎಣ್ಣೆ ಹೊರಗಿನಿಂದ ಬಿತ್ತು ಎಂದಾಯಿತು. ಅದು ಕಾಣದೆ ಟ್ರೈಗ್ಲಿಸರೈಡ್ ಮಾತ್ರ ತಪ್ಪಿದರೆ, ಆಗ ಪ್ರಾಣಿಯ ಕೊಬ್ಬೋ ಹಟ್ಟಿಯ ಹಿಂಡಿಯೋ ಎಂಬ ಪ್ರಶ್ನೆ ಎದ್ದು ನಿಲ್ಲುತ್ತದೆ. ಆಗ ಗ್ಲಿಸರಾಲಿನ ನಡುಗೈ ನೋಡಬೇಕು, ದನ ಯಾವ ಊರಿನದು, ಏನು ತಿಂದಿತು ಎಂದು ವಿಚಾರಿಸಬೇಕು. ನಯಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಸತ್ಯ ಹತ್ತಿರವಾಗುವುದಿಲ್ಲ. ಅವು ಬೇರೆ ಬೇರೆ ಕಡೆ ಎಡವುವಂಥವಾಗಿರಬೇಕು.

ಇಷ್ಟು ಹೇಳಿದಾಗ ಯಾರಾದರೂ ಆನೆ ಮತ್ತು ಕುರುಡರ ಕಥೆ ತೆಗೆಯುತ್ತಾರೆ. ಆ ಕಥೆಯ ಮೇಲೆ ನನಗೊಂದು ತಕರಾರಿದೆ. ಅದನ್ನು ಹೇಳುವವನಿಗೆ ಕಣ್ಣಿದೆ. ಆನೆ ಆನೆಯೆಂದು ಅವನಿಗೆ ಮೊದಲೇ ಗೊತ್ತು; ಆದ್ದರಿಂದಲೇ ಕಾಲು ಕಂಬವಲ್ಲ, ಬಾಲ ಹಗ್ಗವಲ್ಲ ಎಂದು ಅವನು ನಗಬಲ್ಲ. ಜೈನ ದರ್ಶನದಲ್ಲಿ ಆ ಕಣ್ಣಿಗೆ ಜಾಗವಿದೆ, ಕೇವಲಜ್ಞಾನಿ ಎಲ್ಲ ದ್ರವ್ಯಗಳನ್ನೂ ಅವುಗಳ ಎಲ್ಲ ಪರ್ಯಾಯಗಳೊಡನೆ, ಅಂದರೆ ಅವಸ್ಥೆಗಳೊಡನೆ, ಏಕಕಾಲಕ್ಕೆ ಅರಿಯುತ್ತಾನೆ. ಕೇವಲಿಯನ್ನು ತೆಗೆದುಬಿಟ್ಟರೆ ಅನೇಕಾಂತ ಎಲ್ಲಿ ನಿಲ್ಲುತ್ತದೆ? ಮುಖಗಳು ಅನೇಕ ಎನ್ನುವುದಾದರೂ ಯಾರು ನೋಡಿ ಹೇಳಿದ್ದು? ಇದು ನಮ್ಮ ಪಂಡಿತರೊಬ್ಬರ ಮುಂದೆ ಕೇಳಿ ಬೈಸಿಕೊಂಡ ಪ್ರಶ್ನೆ. ಈಗಲೂ ನನಗೆ ಅದು ಸರಿಯಾದ ಪ್ರಶ್ನೆಯೆಂದೇ ಅನ್ನಿಸುತ್ತದೆ.

ನಮ್ಮಲ್ಲಿ ಕೆಲಸ ಮಾಡುವ ಹುಡುಗನೊಬ್ಬನಿಗೆ ಕೇವಲಿ ಸಿಕ್ಕಿಬಿಟ್ಟಿದ್ದಾನೆ. ಹೆಸರು ಹೈ ರೆಸಲ್ಯೂಶನ್ ಮಾಸ್ ಸ್ಪೆಕ್ಟ್ರೋಮೀಟರ್. ಮೇಡಂ, ಅದೊಂದು ಬಂದರೆ ಈ ಕಾಲಂಗಳೆಲ್ಲ ಗುಜರಿಗೆ, ಒಂದು ಹನಿ ಹಾಕಿದರೆ ನೂರಾರು ಲಿಪಿಡ್‌ಗಳ ಹೆಸರು ಹೇಳುತ್ತದೆ ಎನ್ನುತ್ತಾನೆ. ನಿಜ, ಹೇಳುತ್ತದೆ. ಆದರೆ ಅದು ತೂಗುವುದು ದ್ರವ್ಯರಾಶಿಯನ್ನು. ಒಲೀಕ್ ಆಮ್ಲಕ್ಕೂ ಅದರ ಟ್ರಾನ್ಸ್ ರೂಪವಾದ ಎಲೈಡಿಕ್ ಆಮ್ಲಕ್ಕೂ ದ್ರವ್ಯರಾಶಿ ಒಂದೇ, ಕೊನೆಯ ದಶಮಾಂಶದವರೆಗೆ. ಪಾಮಿಟಿಕ್ ನಡುಗೈಯಲ್ಲಿದ್ದರೂ ಅಂಚಿನಲ್ಲಿದ್ದರೂ ತೂಕ ಬದಲಾಗದು. ಬೇರ್ಪಡಿಸದೆ ಎಲ್ಲವನ್ನೂ ಒಟ್ಟಿಗೆ ಒಳಗೆ ಬಿಟ್ಟರೆ, ಸುಲಭವಾಗಿ ಅಯಾನಾಗುವ ಅಣುಗಳು ಸಂತೆಯಲ್ಲಿ ಗಂಟಲು ದೊಡ್ಡದಿರುವವರಂತೆ ಉಳಿದವುಗಳ ದನಿ ಅಡಗಿಸಿಬಿಡುತ್ತವೆ. ಅದಕ್ಕಾಗಿ ಮತ್ತೆ ಅದರ ಮುಂದೆ ಒಂದು ಕಾಲಂ ಕಟ್ಟಬೇಕು. ಲಕ್ಷಗಳಲ್ಲ, ಕೋಟಿಗಳ ಯಂತ್ರ, ಆದರೂ ನಯವೇ. ಹುಡುಗ ಒಪ್ಪಿಲ್ಲ. ಅವನ ವಯಸ್ಸಿನಲ್ಲಿ ನಾನೂ ಒಪ್ಪುತ್ತಿರಲಿಲ್ಲವೇನೋ.

ಕೇವಲಿಯಿಲ್ಲದೆ ಅನೇಕಾಂತ ನಿಲ್ಲಬಲ್ಲದು ಎಂದೇ ನನ್ನ ನಂಬಿಕೆ, ಆದರೆ ಒಂದು ಷರತ್ತಿನ ಮೇಲೆ. ಆನೆಯನ್ನು ಕಂಡಿದ್ದೇನೆ ಎನ್ನುವ ಹಕ್ಕನ್ನು ಬಿಟ್ಟುಕೊಡಬೇಕು. ನನಗೆ ಇಡೀ ತುಪ್ಪ ಕಂಡಿಲ್ಲ, ಕಾಣುವುದೂ ಇಲ್ಲ. ಹಾಲಿನ ಕೊಬ್ಬಿನಲ್ಲಿ 400ಕ್ಕೂ ಹೆಚ್ಚು ಬಗೆಯ ಕೊಬ್ಬಿನಾಮ್ಲಗಳನ್ನು ಗುರುತಿಸಿದ್ದಾರೆ, ಅವು ಮೂರು ಮೂರಾಗಿ ಕೂರುವ ಬಗೆಗಳನ್ನು ಎಣಿಸಹೊರಟರೆ ಕೋಟಿಗಳಾಗುತ್ತವೆ. ಆದರೂ ಈ ತುಪ್ಪಕ್ಕೆ ಕೊಬ್ಬರಿ ಎಣ್ಣೆ ಸುರಿದಿಲ್ಲ ಎಂದು ಸಹಿ ಹಾಕಲು ನನ್ನ ಕೈ ನಡುಗುವುದಿಲ್ಲ. ಇಡೀ ವಸ್ತು ಗೊತ್ತಿಲ್ಲದೆಯೂ ಅದರ ಬಗ್ಗೆ ಒಂದು ಮಾತನ್ನು ಖಚಿತವಾಗಿ ಹೇಳಬಹುದು. ಯಾವ ನಾಲ್ಕು ಲೆಕ್ಕದಲ್ಲಿ ಹೇಳುತ್ತಿದ್ದೇನೆ ಎಂಬುದನ್ನೂ ಜೊತೆಗೇ ಹೇಳಿದರೆ ಆಯಿತು.

ಶುದ್ಧಿಯ ಮಾತು ಇಷ್ಟಕ್ಕೇ ಮುಗಿಯುವುದಿಲ್ಲ. ಅಜ್ಜಿ ಬದುಕಿದ್ದಾಗ ನಮ್ಮ ಮನೆಯಲ್ಲಿ ಬೆಣ್ಣೆಯನ್ನು ಕೂಡಿಡುವ ಪದ್ಧತಿಯೇ ಇರಲಿಲ್ಲ. ಕಡೆದು ತೆಗೆದ ಬೆಣ್ಣೆಯನ್ನು ಒಂದು ಮುಹೂರ್ತ, ಅಂದರೆ 48 ನಿಮಿಷ, ಕಳೆಯುವುದರೊಳಗೆ ಒಲೆಯ ಮೇಲಿಡಬೇಕು. ಅದು ಬೆಣ್ಣೆಯ ಮರ್ಯಾದೆ. ಆಮೇಲೆ ಅದರಲ್ಲಿ ಸೂಕ್ಷ್ಮ ಜೀವಗಳು ಹುಟ್ಟುತ್ತವೆ, ಕಾಯಿಸಿದರೆ ಹಿಂಸೆ. ಗಡಿಯಾರವಿಲ್ಲದ ಅಡುಗೆಮನೆಯಲ್ಲಿ ಅಜ್ಜಿ ಅದನ್ನು ಹೇಗೆ ಅಳೆಯುತ್ತಿದ್ದಳೋ, ಬೆಣ್ಣೆಯ ಮುದ್ದೆ ಕೈಯಿಂದ ಇಳಿಯುವ ಹೊತ್ತಿಗೆ ಬಾಣಲೆ ಬಿಸಿಯಾಗಿರುತ್ತಿತ್ತು. ವಾರಗಟ್ಟಲೆ ಫ್ರಿಜ್ಜಿನಲ್ಲಿಟ್ಟ ಬೆಣ್ಣೆಯ ತುಪ್ಪ ಐದೂ ಸಮೀಕರಣಗಳಲ್ಲಿ ಪಾಸಾಗುತ್ತದೆ, ಅಜ್ಜಿಯ ಬಳಿ ಫೇಲು. ಅಜ್ಜಿಯ ತುಪ್ಪ ಅಮ್ಮನ ಹಿಂಡಿ ತಿಂದ ಹಸುವಿನದಾಗಿದ್ದರೆ ಅಲ್ಲಿ ಪಾಸು, ನನ್ನ ಬಳಿ ಫೇಲು. ಇವೆರಡನ್ನು ಒಂದೇ ಪ್ರಶ್ನೆಯ ಎರಡು ಉತ್ತರಗಳೆಂದು ನಾನು ಒಪ್ಪಲಾರೆ. ನನ್ನ ವಿಧಾನ ಕೇಳುವುದು ಇದರಲ್ಲಿ ಏನಿದೆ ಎಂದು. ಅಜ್ಜಿ ಕೇಳುತ್ತಿದ್ದದ್ದು ಇದು ಆಗುವಾಗ ಯಾರಿಗೆ ಏನಾಯಿತು ಎಂದು. ಆಗಿಹೋದದ್ದು ಅಣುಗಳಲ್ಲಿ ಉಳಿಯಲೇಬೇಕೆಂಬ ನಿಯಮವಿಲ್ಲ.

ಹೋದ ಬಾರಿ ಊರಿಗೆ ಹೋದಾಗ ಬಸದಿಯ ದೀಪಕ್ಕೆಂದು ಅಮ್ಮ ತುಪ್ಪ ತೆಗೆದುಕೊಂಡು ಹೊರಟಳು. ನಾನೂ ಜೊತೆಗೆ ಹೋದೆ. ನನ್ನ ಕೆಲಸದ ಸುದ್ದಿ ಇಂದ್ರರಿಗೆ ಮೊದಲೇ ಮುಟ್ಟಿತ್ತು. ನಮ್ಮ ಕಡೆ ಬಸದಿಯ ಪುರೋಹಿತರನ್ನು ಕರೆಯುವುದು ಹಾಗೆ. ಎರಡು ವಿಧಾನ, ಎರಡು ಉತ್ತರ, ಹಿಂಡಿ, ಸ್ಟೆರಾಲ್ ಎಂದು ನಾನು ಉತ್ಸಾಹದಿಂದ ವಿವರಿಸಿದೆ. ಅವರು ಪೂರ್ತಿ ಕೇಳಿ, ಅಮ್ಮನ ಕಡೆ ತಿರುಗಿದರು.

"ಕರುವಿಗೆ ಬಿಟ್ಟು ಕರೆದದ್ದಲ್ವಾ ಅಮ್ಮ?"

"ಎರಡು ಮೊಲೆ ಕರುವಿಗೆ, ಎರಡು ನಮಗೆ ಇಂದ್ರರೇ. ಯಾವಾಗಲೂ."

ಅವರು ತುಪ್ಪ ತೆಗೆದುಕೊಂಡರು. ನನ್ನ ವರದಿಯನ್ನು ಅವರು ಕಡೆಗಣಿಸಿದರೆಂದು ಆಗ ಅನ್ನಿಸಿತು, ಯೋಚಿಸಿದರೆ ಹಾಗಲ್ಲ. ಗೋಪುರದ ಗೆರೆ ನನಗೆ ಕಣ್ಣಾರೆ ಕಂಡದ್ದು. ಅವರಿಗೆ ಅದು ಇನ್ನೊಬ್ಬರ ಮಾತು, ಅಮ್ಮನ ಮಾತಿನ ಹಾಗೆಯೇ. ಎರಡು ಮಾತುಗಳ ನಡುವೆ ಅವರು ಬಹುಕಾಲದಿಂದ ಬಲ್ಲವಳ ಮಾತನ್ನು ಹಿಡಿದರು. ಯಾರ ಮಾತನ್ನು ನಂಬಬಹುದು ಎಂಬುದನ್ನೇ ವಿಚಾರಣೆಗೆ ತಂದು ಜೈನ ತಾರ್ಕಿಕ ಸಮಂತಭದ್ರರು ಆಪ್ತಮೀಮಾಂಸೆ ಬರೆದರು. ತೀರ್ಥಂಕರನನ್ನೂ ಅವರು ಪರೀಕ್ಷೆಯಿಲ್ಲದೆ ಒಪ್ಪಿಕೊಂಡವರಲ್ಲ. ಅಮ್ಮನನ್ನು ಆ ಪರೀಕ್ಷೆಗೆ ಒಡ್ಡಲು ಬಸದಿಯ ಅಂಗಳದಲ್ಲಿ ನನಗೆ ಧೈರ್ಯ ಬರಲಿಲ್ಲ. ಆದರೆ ಮನೆಗೆ ನೆಂಟರು ಬಂದ ದಿನಗಳಲ್ಲಿ ಅವಳು ಮೂರನೆಯ ಮೊಲೆಗೂ ಕೈ ಹಾಕುವುದನ್ನು ಹಟ್ಟಿಯ ಬಾಗಿಲಲ್ಲಿ ನಿಂತು ನಾನು ನೋಡಿದ್ದೇನೆ.